ನೋಡಲಿಲ್ಲ ಅಂತ ಬರಿ

ಅಕ್ಕೋರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಮಕ್ಕಳ ಎದೆಯ ಮೇಲೆ, ಹೃದಯವನ್ನು ಪರದೆಗೆ ತರುವ ಎಕೋ ಯಂತ್ರದ ಪ್ರೋಬ್ ಹಿಡಿದು, ಮೈಯನ್ನು ಒಂದು ಕಡೆ ವಾಲಿಸಿ, ಕಣ್ಣನ್ನು ಪರದೆಗೆ ನೆಟ್ಟು ಕೂತದ್ದಕ್ಕೆ ಸಿಕ್ಕ ಸಂಬಳ ಅದು. ಆ ಭುಜಕ್ಕೆ ಚೀಲ ಹಾಕಿಕೊಂಡರೆ ನಿಲ್ಲುತ್ತಿರಲಿಲ್ಲ, ಜಾರಿ ಮೊಣಕೈಗೆ ಬರುತ್ತಿತ್ತು.

ಅವರು ತೀರಿಕೊಂಡ ಮೇಲೆ ನಮ್ಮ ಎಕೋ ತಂತ್ರಜ್ಞರ ಸಂಘದವರು ಆದೋನಿಯ ಒಂದು ಕಲ್ಯಾಣ ಮಂಟಪದಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಬಾಗಿಲಲ್ಲೇ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಅಕ್ಕೋರ ಎರಡೂ ಭುಜಗಳು ಸಮವಾಗಿದ್ದವು. ಯಾವನೋ ಕಂಪ್ಯೂಟರಿನ ಮುಂದೆ ಕೂತು ಸರಿ ಮಾಡಿದ್ದ. ಮುಖಕ್ಕೆ ಬಿಳುಪನ್ನೂ ಬಳಿದಿದ್ದ. ಅದನ್ನು ನೋಡಿದಾಗ ನನಗೆ ಅಳು ಬರಲಿಲ್ಲ, ವಾಕರಿಕೆ ಬಂತು. ಬದುಕಿದ್ದಾಗ ಅವರನ್ನು ಹೊರಗಟ್ಟಿದವರೇ ಸತ್ತ ಮೇಲೆ ಅವರ ಮೈಯನ್ನೂ ತಿದ್ದಿದ್ದರು.

ಹೇಸಿಗೆ ಅನ್ನುವುದು ನನಗೆ ಅಕ್ಕೋರಿಂದ ಬಂದ ಗುಣ. ಅವರ ಹತ್ತಿರ ಎಕೋ ಕಲಿತವರು ಬಹಳ ಜನ ಇದ್ದಾರೆ. ಯಾವುದಕ್ಕೆ ಹೇಸಬೇಕು, ಯಾವುದಕ್ಕೆ ಹೇಸಬಾರದು ಅನ್ನುವುದನ್ನು ಕಲಿತವರು ಕಡಿಮೆ. ನಾನೂ ಅದನ್ನು ಸುಮ್ಮನೆ ಕಲಿಯಲಿಲ್ಲ, ಮುಖಕ್ಕೆ ಹೊಡೆಸಿಕೊಂಡು ಕಲಿತೆ.

ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಆಸ್ಪತ್ರೆಯಲ್ಲಿ ಆಯಾಗಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಅವರು ಅಕ್ಕೋರೇ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮಕ್ಕಳ ಹೃದಯದ ಡಾಕ್ಟರೊಬ್ಬರ ಕೈಕೆಳಗೆ ಹಲವು ವರ್ಷ ಪಳಗಿ, ತಮ್ಮ ಊರು ಪೆದ್ದಕಡುಬೂರಿಗೆ ಹತ್ತಿರ ಇರಬೇಕೆಂದು ಆದೋನಿಗೆ ಬಂದವರು. ನಾನು ಡಿಪ್ಲೊಮಾ ಮುಗಿಸಿ ಅವರ ಕೋಣೆಗೆ ಹೋದ ಮೊದಲ ದಿನವೇ ಒಂದು ಕೂಸು ಅವರ ಸೀರೆಯ ಮೇಲೆ ಹಾಲು ಕಾರಿಕೊಂಡಿತು. ನಾನು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಎಡಗೈಯಲ್ಲಿ ಒರೆಸಿಕೊಂಡರು, ಬಲಗೈ ಅಲುಗಲಿಲ್ಲ.

“ಇದಕ್ಕ ಹೇಸಿದ್ರ ಈ ಕೆಲಸ ನಿಂದಲ್ಲವ್ವ,” ಅಂದರು. “ಹೇಸೋದು ಬ್ಯಾರೆ ಐತಿ. ಮುಂದ ತೋರಸ್ತೀನಿ.”

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಜೆಲ್ ಬಾಟಲಿಯನ್ನು ಬೆಳಿಗ್ಗೆ ಬಂದ ಕೂಡಲೇ ಸೊಂಟದ ನೆರಿಗೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ತಣ್ಣನೆಯ ಜೆಲ್ ಎದೆಗೆ ಬಿದ್ದರೆ ಕೂಸು ಅಳುತ್ತದೆ, ಅಳುವ ಕೂಸಿನ ಕವಾಟ ನೆಟ್ಟಗೆ ಕಾಣುವುದಿಲ್ಲ. ಮೈಬಿಸಿಗೆ ಜೆಲ್ ಬೆಚ್ಚಗಾಗುವಷ್ಟರಲ್ಲಿ ಮಗುವಿನ ಪಾದ ಮುಟ್ಟುತ್ತಿದ್ದರು, ತೊಡೆಸಂದಿಯಲ್ಲಿ ಎರಡು ಬೆರಳಿಟ್ಟು ನಾಡಿ ನೋಡುತ್ತಿದ್ದರು. ಆಮೇಲೆ ಪ್ರೋಬನ್ನು ಎದೆಗಲ್ಲ, ಹೊಟ್ಟೆಗೆ ಇಡುತ್ತಿದ್ದರು. ದೊಡ್ಡವರ ಎಕೋ ಕಲಿತು ಬಂದವರು ಎದೆಯಿಂದ ಶುರುಮಾಡುತ್ತಾರೆ. ಮಕ್ಕಳದು ಹೊಟ್ಟೆಯಿಂದ ಶುರುವಾಗಿ ಎದೆಗೆ ಬಂದು, ಕೊನೆಗೆ ಕುತ್ತಿಗೆಯ ಕುಳಿಯಲ್ಲಿ ಮುಗಿಯಬೇಕು. ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಕೊಡೆಯ ಹಿಡಿಕೆಯಂತೆ ಬಾಗಿ ಕೆಳಗಿಳಿಯುತ್ತದೆ. ಅದನ್ನು ನಾವು ಕಮಾನು ಅನ್ನುತ್ತೇವೆ. ಕಮಾನು ಚೆನ್ನಾಗಿ ಕಾಣುವುದು ಕುತ್ತಿಗೆಯ ಕುಳಿಯಿಂದ ಮಾತ್ರ. ಆದರೆ ಅಲ್ಲಿ ಪ್ರೋಬ್ ಒತ್ತಿದರೆ ಯಾವ ಮಗುವೂ ಅಳದೇ ಬಿಡುವುದಿಲ್ಲ. ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದಕ್ಕೇ ಬಹಳ ಜನ ಅದನ್ನು ಬಿಟ್ಟೇಬಿಡುತ್ತಾರೆ.

ಬಿಟ್ಟರೂ ವರದಿಯಲ್ಲಿ ‘ಕಮಾನು ನಾರ್ಮಲ್’ ಅಂತ ಇರುತ್ತದೆ, ಯಾಕೆಂದರೆ ಕಂಪ್ಯೂಟರಿನಲ್ಲಿ ಎಲ್ಲ ಸಾಲುಗಳೂ ಮೊದಲೇ ನಾರ್ಮಲ್ ಅಂತ ತುಂಬಿರುತ್ತವೆ. ರೋಗ ಕಂಡರೆ ಅಳಿಸಿ ಬರೆಯಬೇಕು. ಕಾಣದಿದ್ದರೆ, ನೋಡದಿದ್ದರೆ, ನಿದ್ದೆ ಮಾಡುತ್ತಿದ್ದರೆ ಸುಮ್ಮನೆ ಪ್ರಿಂಟ್ ಒತ್ತಬಹುದು. ಅಕ್ಕೋರ ಯಂತ್ರದಲ್ಲಿ ಆ ಸಾಲುಗಳೆಲ್ಲ ಖಾಲಿ ಇದ್ದವು.

“ನೋಡಿದ್ದ ಬರಿ. ನೋಡಲಿಲ್ಲಂದ್ರ ನೋಡಲಿಲ್ಲ ಅಂತ ಬರಿ,” ಅನ್ನುತ್ತಿದ್ದರು. “ಅದ್ರಾಗ ಏನೂ ನಾಚಿಗಿ ಇಲ್ಲ.”

ಪ್ರತಿ ತಿಂಗಳ ಎರಡನೇ ಭಾನುವಾರ ಸಂಘದ ಕೋಣೆಯಲ್ಲಿ ಅವರು ಪುಕ್ಕಟೆ ಪಾಠ ಹೇಳುತ್ತಿದ್ದರು. ಸುತ್ತಲಿನ ಊರುಗಳ ತಂತ್ರಜ್ಞರು ತಾವು ತೆಗೆದ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ತರುತ್ತಿದ್ದರು. ಒಂದು ಸಲ ಒಬ್ಬ ತಂದ ವರದಿಯನ್ನು ಓದುತ್ತ ಅವರ ಮುಖ ಹುಳಿ ಕಚ್ಚಿದಂತಾಯಿತು. ಮೂರು ವರ್ಷದ ಮಗುವಿನ ವರದಿ, ಅಳತೆಗಳು ಮಾತ್ರ ಯಾರೋ ಮುದುಕನವು. ಹಿಂದಿನ ರೋಗಿಯ ಕಾಗದದಲ್ಲಿ ಹೆಸರು, ವಯಸ್ಸು ಮಾತ್ರ ಬದಲಿಸಿದ್ದ.

“ಕೂಸಿನ ಎದಿಯಾಗ ಮುದುಕನ್ನ ಕುಂದರಿಸಿಯಲ್ಲೋ,” ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕಾಗದವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಅವನ ಕಡೆ ಚಾಚಿದರು, ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಹೇಸೋದು ಬ್ಯಾರೆ ಐತಿ ಅಂದದ್ದು ಇದಕ್ಕೇ ಅಂತ ಅಂದು ನನಗೆ ತಿಳಿಯಿತು. ತಿಳಿದದ್ದು ಮೈಗೆ ಹತ್ತಲು ಇನ್ನೂ ಒಂದು ವರ್ಷ ಬೇಕಾಯಿತು.

ಆ ವರ್ಷ ಸಂಘದವರು ದೇವನಕೊಂಡದ ಒಂದು ಶಾಲೆಯಲ್ಲಿ ಮಕ್ಕಳ ಹೃದಯ ತಪಾಸಣೆ ಶಿಬಿರ ಮಾಡಿದರು. ಹನ್ನೆರಡು ಗಂಟೆಗೆ ರಾಜಕೀಯದ ದೊಡ್ಡವರೊಬ್ಬರು ಬಂದು ಮಕ್ಕಳಿಗೆ ಕಾರ್ಡು ಹಂಚುವುದಿತ್ತು. ಕಾರ್ಡಿನ ಮೇಲೆ ಅವರ ಫೋಟೊ, ಸಂಘದ ಅಧ್ಯಕ್ಷರ ಫೋಟೊ, ಕೆಳಗೆ ‘ನಿಮ್ಮ ಮಗುವಿನ ಹೃದಯ ಆರೋಗ್ಯವಾಗಿದೆ’ ಎಂಬ ಸಾಲು. ಡಾಕ್ಟರ ಸಹಿ ಹಿಂದಿನ ದಿನವೇ ಬಿದ್ದಿತ್ತು. ಮಗುವನ್ನು ಯಾರೂ ಇನ್ನೂ ನೋಡಿರಲಿಲ್ಲ, ಅದರ ಆರೋಗ್ಯ ಮಾತ್ರ ಕಟ್ಟುಕಟ್ಟಾಗಿ ಮೇಜಿನ ಮೇಲೆ ಕೂತಿತ್ತು. ಈಗ ನೆನೆದರೆ ಮೈ ಉರಿಯುತ್ತದೆ. ಅಂದು ನನಗೆ ಏನೂ ಅನಿಸಲಿಲ್ಲ ಅನ್ನುವುದನ್ನೂ ಹೇಳಬೇಕು. ಹೊಸ ಚೂಡಿದಾರ ಹಾಕಿಕೊಂಡು, ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡು ಕೂತಿದ್ದೆ.

ಎಳೆಗೂಸುಗಳನ್ನೆಲ್ಲ ಅಕ್ಕೋರು ಪಕ್ಕದ ಕೋಣೆಗೆ ಕರೆಸಿಕೊಂಡಿದ್ದರು. ನಡೆಯುವ ಮಕ್ಕಳು ನನ್ನ ಪಾಲು. ನನ್ನ ಮುಂದಿದ್ದದ್ದು ಸಂಘದವರು ತಂದ ಯಂತ್ರ, ಅದರ ಸಾಲುಗಳಲ್ಲಿ ನಾರ್ಮಲ್ ಮೊದಲೇ ತುಂಬಿತ್ತು. ಸಂಘದ ಕಾರ್ಯದರ್ಶಿ ನನ್ನ ಹಿಂದೆಯೇ ಸುಳಿಯುತ್ತಿದ್ದ. ಬಿಳಿ ಅಂಗಿಯ ಮನುಷ್ಯ, ಪ್ರೋಬ್ ಮುಟ್ಟಿ ಎಷ್ಟು ವರ್ಷವಾಗಿತ್ತೋ.

“ಸ್ಪೀಡ್ ಮಾಡಮ್ಮಾ. ಒಂದೊಂದು ಕೂಸಿಗೆ ಇಷ್ಟೊತ್ತು ಕುಂತ್ರ ಎಟ್ಲಾ ಆಗ್ತೈತಿ?” ಅಂದ.

ಕುರಿ ಕಾಯುವವರ ಮನೆಯ ಆರು ವರ್ಷದ ಹುಡುಗಿಯೊಬ್ಬಳು ಬಂದಳು. ಮೇಜಿನ ಮೇಲೆ ಮಲಗಿಸಿದ ಕೂಡಲೇ ಬಾಯಿ ತೆಗೆದಳು. ಜೆಲ್ ಬೆಚ್ಚಗೆ ಮಾಡಲು ನನಗೆ ಪುರುಸೊತ್ತಿರಲಿಲ್ಲ. ಅವಳ ತಾಯಿ ಮೆಲ್ಲಗೆ, “ಓಡಿದ್ರ ಕಾಲು ನೋಯ್ತಾವ ಅಂತಾಳ್ರಿ ಮೇಡಂ. ಪಾದ ಯಾವಾಗ್ಲೂ ತಣ್ಣಗ ಇರ್ತಾವ,” ಅಂದಳು.

“ಕುರಿ ಹಿಂದ ಓಡಿದ್ರ ಯಾರಿಗಾದ್ರೂ ನೋಯ್ತಾವಮ್ಮ,” ಅಂದು ನಕ್ಕೆ. ಪಾದ ಮುಟ್ಟಲಿಲ್ಲ. ಹೊಟ್ಟೆ ನೋಡಿದೆ, ಎದೆ ನೋಡಿದೆ. ಕುತ್ತಿಗೆಗೆ ಪ್ರೋಬ್ ಒಯ್ದಾಗ ಅವಳು ಕೊಸರಿಕೊಂಡು ಎದ್ದುಬಿಟ್ಟಳು, ಕಾರ್ಯದರ್ಶಿ ಗಡಿಯಾರ ನೋಡಿದ, ನಾನು ಪ್ರಿಂಟ್ ಒತ್ತಿದೆ. ಹನ್ನೆರಡೂವರೆಗೆ ಆ ಹುಡುಗಿ ವೇದಿಕೆಯ ಮೇಲೆ ಕಾರ್ಡು ಹಿಡಿದು ಫೋಟೊಗೆ ನಿಂತಿದ್ದಳು.

ಶಿಬಿರದ ಚಿತ್ರಗಳನ್ನೆಲ್ಲ ಮನೆಗೆ ಒಯ್ದು ಇನ್ನೊಮ್ಮೆ ನೋಡುವುದು ಅಕ್ಕೋರ ರೂಢಿ. ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಎರಡು ವಾರ ಕಳೆದು ಒಂದು ಬೆಳಿಗ್ಗೆ ನಾನು ಕೋಣೆಗೆ ಹೋದಾಗ ಪರದೆಯ ಮೇಲೆ ಆ ಹುಡುಗಿಯ ಹೆಸರಿತ್ತು.

“ಈಕಿ ಕಮಾನು ನೋಡಿದ್ಯಾ?”

“ನೋಡೀನ್ರಿ,” ಅಂದೆ.

ಅವರು ಒಂದೊಂದೇ ಚಿತ್ರ ತೆರೆಯುತ್ತ ಹೋದರು. ಹೊಟ್ಟೆ, ಎದೆ, ಎದೆ, ಎದೆ. ಕುತ್ತಿಗೆಯದು ಇರಲಿಲ್ಲ. ಮತ್ತೆ ಹೊಟ್ಟೆಯ ಚಿತ್ರಕ್ಕೆ ಬಂದು ನಿಲ್ಲಿಸಿದರು. ಕೆಳಕ್ಕೆ ಹರಿಯುವ ರಕ್ತದ ಮಿಡಿತ ಅಲ್ಲೇ ಮಂಕಾಗಿತ್ತು. ಕಮಾನಿನ ಆಚೆ ನಾಳ ಕಿರಿದಾಗಿದ್ದರೆ ಹಾಗೆ ಕಾಣುತ್ತದೆ. ಮೈಯ ಮೇಲ್ಭಾಗಕ್ಕೆ ರಕ್ತ ವಿಪರೀತ ಒತ್ತಡದಲ್ಲಿ ನುಗ್ಗುತ್ತದೆ, ಕಾಲುಗಳಿಗೆ ಸಾಲುವುದಿಲ್ಲ. ಹೊರಗೆ ಮಗು ಚೆನ್ನಾಗಿಯೇ ಇರುತ್ತದೆ, ಒಳಗೆ ಹೃದಯ ದಣಿಯುತ್ತಿರುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಕುಸಿಯುತ್ತದೆ. ಚಿತ್ರ ತೆಗೆದವಳು ನಾನು, ಕಂಡದ್ದು ಅವರಿಗೆ.

ನಾನು ಗಾಬರಿಯಲ್ಲಿ, ಏನಾದರೂ ಮಾಡಬೇಕೆಂದು ಮೇಜಿನ ಮೇಲಿದ್ದ ಜೆಲ್ ಬಾಟಲಿ ತೆಗೆದು ಅವರ ಕೈಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

“ನಿನ್ನ ಕೈ ಮ್ಯಾಗ ನನಗ ಹೇಸಿಗಿ ಇಲ್ಲ. ಕೈ ಕಲೀತೈತಿ,” ಅಂದರು. “ಹೇಸಿಗಿ ಬಂದದ್ದು ನಿನ್ನ ಬಾಯಿ ಮ್ಯಾಗ. ಈಗ ಅಂದ್ಯಲ್ಲ, ನೋಡೀನಿ ಅಂತ, ಅದರ ಮ್ಯಾಗ.”

ಅಂದೇ ನನ್ನನ್ನು ಕರೆದುಕೊಂಡು ದೇವನಕೊಂಡದ ಬಸ್ಸು ಹತ್ತಿದರು. ಶಿಬಿರದ ಅರ್ಜಿಯಲ್ಲಿದ್ದ ಫೋನ್ ನಂಬರಿಗೆ ಕರೆ ಹೋಗಿರಲಿಲ್ಲ. ಶಾಲೆಯಲ್ಲಿ ಕೇಳಿದರೆ, ಆ ಮನೆಯವರು ಕುರಿ ಹೊಡೆದುಕೊಂಡು ನಂದವರಂ ಕಡೆ ಹೋಗಿದ್ದಾರೆ, ಹುಡುಗಿಯನ್ನೂ ಕರೆದುಕೊಂಡು ಹೋಗಿದ್ದಾರೆ ಅಂದರು. ಮತ್ತೆ ಬಸ್ಸು. ದಾರಿಯುದ್ದಕ್ಕೂ ಅಕ್ಕೋರು ಚೀಲ ಭುಜದಿಂದ ಜಾರಿದಾಗಲೆಲ್ಲ ತಾವೇ ಮೇಲಕ್ಕೆಳೆದುಕೊಂಡರು, ನನಗೆ ಹಿಡಿಯಲು ಕೊಡಲಿಲ್ಲ.

ನಂದವರಂ ಆಚೆ, ಕೊಯ್ದ ಗದ್ದೆಯೊಂದರಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಗುಡಾರದ ಮುಂದೆ ಆ ಹುಡುಗಿ ಮರಿಯೊಂದನ್ನು ತಬ್ಬಿಕೊಂಡು ಕೂತಿದ್ದಳು. ಅಕ್ಕೋರು ನೆಲದ ಮೇಲೆ, ಕುರಿಯ ಹಿಕ್ಕೆಯ ನಡುವೆಯೇ ಕೂತು ಅವಳ ಪಾದಗಳನ್ನು ಮಡಿಲಿಗೆ ತೆಗೆದುಕೊಂಡರು. ಮಣಿಕಟ್ಟಿನ ನಾಡಿ ನೋಡಿದರು, ತೊಡೆಸಂದಿಯದನ್ನು ನೋಡಿದರು. ಆಮೇಲೆ ನನ್ನ ಬೆರಳು ಹಿಡಿದು ಎರಡೂ ಕಡೆ ಇಟ್ಟರು. ಮಣಿಕಟ್ಟಿನಲ್ಲಿ ನಾಡಿ ಕುದುರೆಯಂತೆ ಓಡುತ್ತಿತ್ತು. ತೊಡೆಸಂದಿಯಲ್ಲಿ ಎಷ್ಟು ಹೊತ್ತು ಕಾದರೂ ಬೆರಳಿಗೆ ಏನೂ ಸಿಗಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಅಂದಾಗ ತಾಯಿ ಗುಡಾರದೊಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಕವರು ತಂದಳು. ಅದರಲ್ಲಿ ಆಧಾರ್ ಕಾರ್ಡುಗಳ ಜೊತೆ ನಮ್ಮ ಕಾರ್ಡೂ ಇತ್ತು. ಮೂಲೆ ಕೂಡ ಮಡಚಿರಲಿಲ್ಲ.

ತಂದೆ ಕೋಲೂರಿ ನಿಂತು ಕೇಳಿದ: “ಮೊನ್ನೆ ಏಂ ಕಾದು, ಏನೂ ಇಲ್ಲ ಅಂತ ನೀವ ಬರಕೊಟ್ರಿ. ಇವತ್ತು ಐತಿ ಅಂತೀರಿ. ಯಾವುದು ಖರೆ?”

ಅಕ್ಕೋರು ನನ್ನ ಕಡೆ ನೋಡಿದರು. “ಹೇಳು.”

“ನಾ ಪೂರ್ತಿ ನೋಡಲಿಲ್ರಿ,” ಅಂದೆ. “ಕುತ್ತಿಗಿ ಕಡಿಂದನೂ ನೋಡಬೇಕಿತ್ತು. ಕೂಸು ಅಳ್ತೈತಿ ಅಂತ ಬಿಟ್ಟೆ. ನೋಡೀನಿ ಅಂತ ಬರದೆ.”

ಅವನು ಬೈಯಲಿಲ್ಲ. ಪಕ್ಕಕ್ಕೆ ತಿರುಗಿ ಉಗುಳಿದ. ಆ ಉಗುಳು ನೆಲಕ್ಕೆ ಬಿದ್ದರೂ ಯಾರಿಗೆ ಅನ್ನುವುದು ಗೊತ್ತಿತ್ತು.

“ಉಗುಳಪ್ಪ, ತಪ್ಪಿಲ್ಲ,” ಅಂದರು ಅಕ್ಕೋರು. “ನನ್ನ ಮ್ಯಾಗೂ ಉಗುಳು, ಈಕಿಗೆ ಕಲಿಸಿದಾಕಿ ನಾನು. ಆದ್ರ ಕೂಸಿನ್ನ ಕರಕೊಂಡು ಬಾ. ಈಕಿ ಕೈಲೇ ನೋಡಸ್ತೀನಿ, ನಾ ಪಕ್ಕದಾಗ ನಿಂತಿರ್ತೀನಿ.”

ಅವನು ಯಾಕೆ ಒಪ್ಪಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರುದಿನ ಆದೋನಿಗೆ ಬಂದರು. ಅಕ್ಕೋರು ಸೊಂಟದಿಂದ ಬಾಟಲಿ ತೆಗೆದು ನನ್ನ ಕೈಗಿಟ್ಟರು. ಹುಡುಗಿ ಕುತ್ತಿಗೆಗೆ ಪ್ರೋಬ್ ಬಂದಾಗ ಕಿರುಚಿದಳು, ನನ್ನ ಕೈ ಹಿಂದಕ್ಕೆ ಬಂತು. “ಅಳಲಿ ಬಿಡು. ಅವತ್ತು ಅಳಾಕ ಬಿಟ್ಟಿದ್ರ ಇವತ್ತು ಅಳತಿರಲಿಲ್ಲ,” ಅಂದರು. ಒತ್ತಿದೆ. ಕೊಡೆಯ ಹಿಡಿಕೆ ಕಂಡಿತು. ಅದರ ಆಚೆ ಬದಿಯಲ್ಲಿ ದಾರ ಬಿಗಿದಂತೆ ನಾಳ ಕಿರಿದಾಗಿತ್ತು. ಡಾಕ್ಟರು ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಪರೇಷನ್ ಆಯಿತು, ಹುಡುಗಿ ಉಳಿದಳು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಶಿಬಿರದ ಅರ್ಧಕ್ಕೂ ಹೆಚ್ಚು ಮಕ್ಕಳ ಕಮಾನಿನ ಚಿತ್ರ ಇರಲಿಲ್ಲ, ಎಲ್ಲರ ಕೈಯಲ್ಲೂ ಆರೋಗ್ಯದ ಕಾರ್ಡಿತ್ತು. ಆ ಕಾರ್ಡುಗಳನ್ನು ವಾಪಸು ತೆಗೆದುಕೊಂಡು ಎಲ್ಲರನ್ನೂ ಮತ್ತೆ ನೋಡೋಣ ಅಂತ ಅಕ್ಕೋರು ಸಂಘಕ್ಕೆ ಪತ್ರ ಬರೆದರು.

“ಅಕ್ಕೋರೆ, ದೊಡ್ಡೋರು ಕೈಯ್ಯಾರ ಕೊಟ್ಟ ಕಾರ್ಡು,” ಅಂದ ಕಾರ್ಯದರ್ಶಿ. “ವಾಪಸ್ ತಗೊಂಡ್ರ ಸಂಘದ ಪರುವು, ಮರ್ಯಾದಿ ಏನಾಗ್ತೈತಿ? ಇದ್ದದ್ದು ಇರಲಿ ಬಿಡ್ರಿ.”

“ಇದ್ದದ್ದು ಏನಂತ ನೋಡೇ ಇಲ್ಲಲ್ಲೋ,” ಅಂದರು ಅಕ್ಕೋರು.

ಮುಂದಿನ ತಿಂಗಳೇ ಅವರಿಗೆ ವಯಸ್ಸಾಯಿತು, ವಿಶ್ರಾಂತಿ ಬೇಕು ಅಂತ ಸಂಘದ ಪಾಠದಿಂದ ತೆಗೆದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಬಾಗಿಲು ತೋರಿಸಿದರು. ಅಷ್ಟು ವರ್ಷ ಅವರ ಹತ್ತಿರ ಕಲಿತ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆ ಶಬ್ದ ನೆನಪಾದರೆ ಈಗಲೂ ಅಂಗೈ ಒರೆಸಿಕೊಳ್ಳಬೇಕು ಅನಿಸುತ್ತದೆ. ಅಕ್ಕೋರು ಆ ಶಾಲನ್ನು ಆಸ್ಪತ್ರೆಯ ತಪಾಸಣೆಯ ಹಾಸಿಗೆಯ ಮೇಲೆ ಹಾಸಿದರು. ಮಕ್ಕಳು ಅದರ ಮೇಲೆ ಉಚ್ಚೆ ಹೊಯ್ದರು, ಆಯಾ ಒಗೆದು ಹಾಕಿದಳು, ಮತ್ತೆ ಹೊಯ್ದರು. “ಒಂದು ಉಪಯೋಗಕ್ಕ ಬಂತು ನೋಡು,” ಅನ್ನುತ್ತಿದ್ದರು.

ಸಂಘ ಮಾಡದ ಕೆಲಸವನ್ನು ಅವರೇ ಮಾಡಿದರು. ಭಾನುವಾರಗಳಲ್ಲಿ ಆ ಮಕ್ಕಳ ಊರಿಗೆ ಹೋಗುವುದು, ಕಾಲಿನ ನಾಡಿ ನೋಡುವುದು, ಒಬ್ಬೊಬ್ಬರನ್ನೇ ಆಸ್ಪತ್ರೆಗೆ ಕರೆಸಿ ಕಮಾನು ನೋಡುವುದು. ಪ್ರತಿ ಮನೆಯಲ್ಲೂ ನೋಡಲಿಲ್ಲ ಎಂಬ ಮಾತನ್ನು ನಾನೇ ಹೇಳಬೇಕಿತ್ತು. ಮೊದಮೊದಲು ಅಕ್ಕೋರು ‘ಹೇಳು’ ಅನ್ನಬೇಕಾಗುತ್ತಿತ್ತು, ಆಮೇಲಾಮೇಲೆ ಬಾಯಿ ತಾನೇ ಹೇಳುತ್ತಿತ್ತು. ಉಳಿದವರೆಲ್ಲ ಚೆನ್ನಾಗಿಯೇ ಇದ್ದರು. ಕೊನೆಯ ಮಗುವಿನದೂ ಮುಗಿದಾಗ ನಾನು ಉಸಿರು ಬಿಟ್ಟೆ.

“ಎಲ್ಲಾ ಚೊಲೋ ಅದಾವು ಅಂತ ಹಿಗ್ಗಬ್ಯಾಡ,” ಅಂದರು. “ನೀ ಬರದಾಗ ನಿನಗ ಅದು ಗೊತ್ತಿರಲಿಲ್ಲ.”

ಎರಡು ವರ್ಷದ ಬಳಿಕ ಅವರಿಗೇ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಒಂದು ಮಧ್ಯಾಹ್ನ ತಾವೇ ಆ ಶಾಲಿನ ಮೇಲೆ ಮಲಗಿ, “ನೋಡು” ಅಂದರು. ನೋಡಿದೆ. ಹೃದಯ ಹಿಗ್ಗಿತ್ತು, ಬಡಿತದಲ್ಲಿ ಬಲ ಉಳಿದಿರಲಿಲ್ಲ. ಸ್ವಲ್ಪ ಸುಸ್ತಾಗಿದೆ ಅಷ್ಟೇ ಅಂತ ಹೇಳಲು ನಾಲಿಗೆ ತಿರುಗಿಸುತ್ತಿದ್ದೆ. ಅವರು ಪರದೆಯ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದರು. “ಕಂಡದ್ದ ಬರಿ,” ಅಂದರು. ಬರೆದೆ. ಓದಿ, ಒಂದು ಅಳತೆ ತಪ್ಪಿದೆ ಅಂತ ಮತ್ತೆ ತೆಗೆಸಿದರು. ಆ ಚಳಿಗಾಲ ಅವರು ದಾಟಲಿಲ್ಲ.

ಶ್ರದ್ಧಾಂಜಲಿ ಸಭೆಗೆ ಆ ಹುಡುಗಿಯನ್ನೂ ತಾಯಿಯನ್ನೂ ಸಂಘದವರೇ ಕಾರಿನಲ್ಲಿ ಕರೆಸಿದ್ದರು. ಯಾಕೆಂದು ಮೊದಲು ತಿಳಿಯಲಿಲ್ಲ. ಕಾರ್ಯದರ್ಶಿ ಹುಡುಗಿಯನ್ನು ವೇದಿಕೆಗೆ ಎತ್ತಿ ನಿಲ್ಲಿಸಿ, ಅವಳ ತಲೆಯ ಮೇಲೆ ಕೈಯಿಟ್ಟು ಮೈಕಿನಲ್ಲಿ ಹೇಳಿದ: ಈ ಮಗುವಿನ ಕಾಯಿಲೆಯನ್ನು ಕಂಡುಹಿಡಿದದ್ದು ನಮ್ಮ ದೇವನಕೊಂಡದ ಶಿಬಿರ. ನಮ್ಮ ಸಂಘ ಇರದಿದ್ದರೆ ಈ ಪ್ರಾಣ ಉಳಿಯುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಹಿಂದೆ, ಸಮ ಭುಜದ ಅಕ್ಕೋರು ಬೆಳ್ಳಗೆ ನಗುತ್ತಿದ್ದರು. ತಾಯಿ ಕೆಳಗೆ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಕೈಗೂಸು ಇಟ್ಟುಕೊಂಡು ನನ್ನ ಕಡೆಯೇ ನೋಡುತ್ತಿದ್ದಳು.

ಮುಂದೆ ನನ್ನನ್ನು ಮಾತಾಡಲು ಕರೆದರು. ಅಕ್ಕೋರ ಶಿಷ್ಯೆ, ಎರಡು ಒಳ್ಳೆಯ ಮಾತು ಅಂದರು. ಹೋಗಿ ಮೈಕ್ ಹಿಡಿದೆ.

“ಈ ಕೂಸಿನ್ನ ಆ ಕ್ಯಾಂಪಿನಾಗ ಸರಿಯಾಗಿ ನೋಡಲಿಲ್ಲ. ಚೊಲೋ ಐತಿ ಅಂತ ಕಾರ್ಡು ಕೊಟ್ವಿ. ನೋಡದ ಬರದಾಕಿ ನಾನು. ಹುಡುಕ್ಕೊಂಡು ಹೋಗಿ ಕಂಡುಹಿಡದಾಕಿ ಅಕ್ಕೋರು. ಉಳಿದ ಮಕ್ಕಳನ್ನೂ ನೋಡೋಣು ಅಂದದ್ದಕ್ಕ ಅವರನ್ನ ತಗದ್ರಿ.”

ಅಲ್ಲಿಗೆ ಮೈಕ್ ಆರಿತು. ಕರೆಂಟ್ ಹೋಗಿರಲಿಲ್ಲ, ಫ್ಯಾನುಗಳು ತಿರುಗುತ್ತಲೇ ಇದ್ದವು. ಯಾರೋ ಎರಡು ನಿಮಿಷ ಮೌನ ಅಂದರು, ಎಲ್ಲರೂ ಎದ್ದು ನಿಂತರು. ಮೌನ ಮುಗಿದ ಕೂಡಲೇ ಉಪ್ಪಿಟ್ಟು ಹಂಚಿದರು. ನನ್ನ ಪಕ್ಕಕ್ಕೆ ಯಾರೂ ಬರಲಿಲ್ಲ. ಸಂಘದ ಪಟ್ಟಿಯಿಂದ ನನ್ನ ಹೆಸರು ಆ ವಾರವೇ ಹೋಯಿತು, ನನಗೆ ಶಾಲು ಕೂಡ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಆ ತಾಯಿ ಕೈಗೂಸನ್ನು ಎತ್ತಿಕೊಂಡು ನಮ್ಮ ಕೋಣೆಯ ಮುಂದೆ ನಿಂತಿದ್ದಳು. ಅಕ್ಕನಿಗೆ ಇದ್ದದ್ದು ತಮ್ಮನಿಗೂ ಇದೆಯೇನೋ ನೋಡಿಸಬೇಕು ಅಂತ ಡಾಕ್ಟರು ಹೇಳಿದ್ದರಂತೆ.

“ಬ್ಯಾರೆ ಕಡೆ ಹೋಗಬೇಕಿತ್ತಲ್ಲಮ್ಮ,” ಅಂದೆ. ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

“ಬ್ಯಾರೆ ಕಡೆಯೋರು ನೋಡ್ತಾರೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕವ್ವ? ನೀ ಆದ್ರ ಹೇಳ್ತಿ,” ಅಂದಳು.

ಬಾಟಲಿ ಆಗಲೇ ನನ್ನ ಸೊಂಟದಲ್ಲಿತ್ತು. ಕೂಸನ್ನು ಶಾಲಿನ ಮೇಲೆ ಮಲಗಿಸಿ ಪಾದ ಮುಟ್ಟಿದೆ, ಬೆಚ್ಚಗಿದ್ದವು. ತೊಡೆಸಂದಿಯಲ್ಲಿ ನಾಡಿ ಸಿಕ್ಕಿತು. ಹೊಟ್ಟೆಯಿಂದ ಶುರುಮಾಡಿದೆ, ಎದೆಗೆ ಬಂದೆ, ಎಲ್ಲ ಚೆನ್ನಾಗಿತ್ತು. ಕುತ್ತಿಗೆಗೆ ಬಂದಾಗ ಕೂಸು ನೀಲಿಗಟ್ಟುವಷ್ಟು ಅತ್ತಿತು. ಹಾಲು ಕುಡಿಸಿದಳು, ಮತ್ತೆ ಇಟ್ಟೆ. ತೂಗಿದಳು, ಮತ್ತೆ ಇಟ್ಟೆ. ನನ್ನ ಭುಜ ನೋಯತೊಡಗಿತು. ಕಮಾನು ಅರ್ಧ ಕಂಡು ಮಾಯವಾಗುತ್ತಿತ್ತು. ಎಲ್ಲ ಗುರುತುಗಳೂ ಒಳ್ಳೆಯವೇ ಇದ್ದವು, ನಾರ್ಮಲ್ ಅಂತ ಬರೆದಿದ್ದರೆ ಬಹುಶಃ ಅದು ನಿಜವೇ ಆಗುತ್ತಿತ್ತು.

ಖಾಲಿ ಸಾಲಿನಲ್ಲಿ ಟೈಪು ಮಾಡಿ ಕಾಗದ ಕೊಟ್ಟೆ.

“ಏನಂತ ಬರದಿ?” ಅಂದಳು.

“ಕಮಾನು ಪೂರ್ತಿ ಕಾಣಲಿಲ್ಲ ಅಂತ ಬರದೀನಿ. ಬರೋ ವಾರ ಮತ್ತ ಕರಕೊಂಡು ಬಾ, ನಿದ್ದಿ ಹತ್ತಿದಾಗ ನೋಡೋಣು.”

ಅವಳು ಪ್ಲಾಸ್ಟಿಕ್ ಕವರು ತೆಗೆದಳು. ಆಧಾರ್ ಕಾರ್ಡುಗಳ ನಡುವೆ ಆ ಹಳೆಯ ಕಾರ್ಡು ಇನ್ನೂ ಇತ್ತು, ದೊಡ್ಡವರ ಫೋಟೊ ಇದ್ದದ್ದು. ಅದನ್ನು ಹೊರಗೆ ತೆಗೆದು ನನ್ನ ಮೇಜಿನ ಮೇಲಿಟ್ಟು, ಅದಿದ್ದ ಜಾಗದಲ್ಲಿ ನಾನು ಕೊಟ್ಟ ಕಾಗದವನ್ನು ಮೂಲೆ ಮಡಚದಂತೆ ಜೋಪಾನವಾಗಿ ಸೇರಿಸಿದಳು.